ಐದು ಮಿಲಿಮೀಟರಿನ ಮೇಸ್ತ್ರಿ

ಬೆಳಗಿನ ಐದೂವರೆ. ತಿಮ್ಸಾ ಸರೋವರದ ಕಡೆಯಿಂದ ಬೀಸುವ ಗಾಳಿಯಲ್ಲಿ ಇನ್ನೂ ತಂಪಿದೆ. ಸಫ್ಸಾಫ್ ಕ್ಲಬ್ಬಿನ ಹಿಂಭಾಗದ ತಗಡಿನ ಶೆಡ್ಡಿನಲ್ಲಿ ಐವತ್ತೆಂಟು ವರ್ಷದ ಇನ್ಸಾಫ್ ಬಯ್ಯೂಮಿ ಹುಲ್ಲು ಕತ್ತರಿಸುವ ಮಷಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಕಪ್ಪು ಗಲಾಬಿಯಾ ನಿಲುವಂಗಿಯ ತೋಳುಗಳನ್ನು ಮೊಣಕೈವರೆಗೆ ಮಡಚಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಾರೆ. ಎಡಗೈಗೆ ದಪ್ಪ ಚರ್ಮದ ಗ್ಲೌಸು, ಬಲಗೈ ಬರಿದು. ಆ ಬರಿಗೈಯಿಂದಲೇ ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಕಿತ್ತು, ವೈರನ್ನು ಇಂಜಿನ್ನಿನಿಂದ ದೂರಕ್ಕೆ ಬಗ್ಗಿಸಿ ಇಡುತ್ತಾರೆ. ಬೇರೆ ಯಾವ ಕೆಲಸವೂ ಇದಕ್ಕಿಂತ ಮೊದಲಿಲ್ಲ.

“ಇದನ್ನ ಕಿತ್ತ ಮೇಲೆ ಮಷಿನ್ ಸತ್ತ ಹಾಗೆ. ಸತ್ತಿದ್ದಕ್ಕೇ ಕೈ ಹಾಕ್ಬೇಕು. ಮಲಗಿದೆ ಅಂದ್ಕೊಂಡು ಕೈ ಹಾಕಿದೋರ ಬೆರಳು ನೋಡಿದೀನಿ ನಾನು. ಬೆರಳು ಅಂದ್ರೆ, ಅದು ಇದ್ದ ಜಾಗ” ಎನ್ನುತ್ತಾರೆ.

ಮಷಿನ್ನಿನ ಹೊಟ್ಟೆಯಲ್ಲಿ ಹತ್ತು ಅಲಗುಗಳ ಉರುಳೆ ಇದೆ. ಅದರ ಕೆಳಗೆ ಅಲ್ಲಾಡದ ಒಂದೇ ಒಂದು ಚಪ್ಪಟೆ ಅಲಗು. ಮೇಲಿನ ಹತ್ತೂ ಸುತ್ತುತ್ತಾ ಬಂದು ಕೆಳಗಿನ ಒಂದರ ಮೇಲೆ ಕತ್ತರಿಯ ಹಾಗೆ ಹಾಯಬೇಕು. ಇನ್ಸಾಫ್ ಪಕ್ಕದ ಡಬ್ಬಿಯಿಂದ ಎರಡು ಬೆರಳಗಲದ ಕಾಗದದ ಚೂರೊಂದನ್ನು ತೆಗೆದು ನಡುವೆ ಹಿಡಿಯುತ್ತಾರೆ. ಗ್ಲೌಸು ತೊಟ್ಟ ಕೈಯಿಂದ ಉರುಳೆಯನ್ನು ನಿಧಾನವಾಗಿ ತಿರುಗಿಸುತ್ತಾರೆ. ಕಾಗದ ಸದ್ದಿಲ್ಲದೆ ಎರಡಾಗುತ್ತದೆ. ನಡುವೆ, ಎಡತುದಿಗೆ, ಬಲತುದಿಗೆ, ಹೀಗೆ ಒಂದೊಂದು ಅಲಗಿಗೂ ಮೂರು ಚೂರು. ಬಲತುದಿಯಲ್ಲಿ ಒಂದು ಕಾಗದ ಕತ್ತರಿಸದೆ ಮಡಚಿಕೊಳ್ಳುತ್ತದೆ. ಅವರು ಆ ಬದಿಯ ಗುಬುಟನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಮತ್ತೆ ಹಿಡಿಯುತ್ತಾರೆ.

ಕಾಗದವೆಲ್ಲ ಹಳೆಯ ಟೆಲಿಫೋನ್ ಡೈರೆಕ್ಟರಿಯದು. ಅದಕ್ಕಿಂತ ತೆಳುವಾದದ್ದು ಊರಲ್ಲಿ ಪುಕ್ಕಟೆ ಸಿಗುವುದಿಲ್ಲವಂತೆ. “ಇವತ್ತು ‘ಸ’ ಅಕ್ಷರದೋರ ಸರದಿ” ಎಂದು ಕತ್ತರಿಸಿದ ಚೂರನ್ನು ಕಣ್ಣ ಹತ್ತಿರ ಹಿಡಿದು ಓದುತ್ತಾರೆ. “ಡಾಕ್ಟರ್ ಸಾಬಿರ್, ಹಲ್ಲಿನೋರು. ಪಾಪ.”

ಬಾಗಿಲಲ್ಲಿ ಅಶ್ರಿ ಬಂದು ನಿಲ್ಲುತ್ತಾರೆ. ಈ ಮಷಿನ್ನನ್ನು ಹಿಡಿದು ಹುಲ್ಲಿನ ಮೇಲೆ ನಡೆಸುವವರು ಅವರು. ಉದ್ದ ಆಳು, ಎರಡೂ ಕೈಯಲ್ಲಿ ಚಹಾದ ಗ್ಲಾಸು.

“ಉಸ್ತಾ, ಬೇಗ ಆಗ್ಲಿ. ನೀವು ಅಳೆಯೋದ್ರೊಳಗೆ ಹುಲ್ಲು ಇನ್ನೊಂದು ಬೆರಳು ಬೆಳೆಯುತ್ತೆ.”

“ಬೆಳೀಲಿ ಬಿಡು. ನಿನ್ನ ಹೊಟ್ಟೆ ಬೆಳೆದಷ್ಟು ಬೇಗ ಏನೂ ಬೆಳೆಯಲ್ಲ.”

“ಇದು ಹೊಟ್ಟೆ ಅಲ್ಲ, ನಮ್ಮನೇಲಿ ಅವಳು ಹಾಕೋ ಪ್ರೀತಿ.”

“ಪ್ರೀತಿ ಸ್ವಲ್ಪ ಎಣ್ಣೆ ಜಾಸ್ತಿ ಹಾಕ್ಕೊಂಡು ಬರ್ತಿರೋ ಹಾಗಿದೆ. ಚಹಾ ಅಲ್ಲಿಡು. ಅಳತೆಪಟ್ಟಿ ತಗೊಂಡು ಬಾ.”

ಊರಿನ ಗ್ಯಾರೇಜುಗಳಲ್ಲಿ ಗಂಡಸರನ್ನು ಕರೆಯುವ ಹಾಗೆ ಇವರನ್ನೂ ಎಲ್ಲರೂ ‘ಉಸ್ತಾ’ ಎಂದೇ ಕರೆಯುತ್ತಾರೆ, ಮೇಸ್ತ್ರಿ ಎಂದರ್ಥ. ಕೈರೋದಿಂದ ಎರಡು ಗಂಟೆ ಹಾದಿಯ ಈ ಇಸ್ಮಾಯಿಲಿಯಾ ಊರಿನಲ್ಲಿ ಆ ಹೆಸರಿನಿಂದ ಕರೆಸಿಕೊಳ್ಳುವ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಕ್ಲಬ್ಬಿನಲ್ಲಿ ಎರಡು ಕ್ರೋಕೆ ಅಂಗಳಗಳಿವೆ. ಮರದ ಸುತ್ತಿಗೆಯಿಂದ ಚೆಂಡನ್ನು ಹೊಡೆದು ಕಬ್ಬಿಣದ ಕಮಾನಿನೊಳಗೆ ತೂರಿಸುವ ಆಟ ಇದು. ಕಮಾನಿಗೂ ಚೆಂಡಿಗೂ ನಡುವಿನ ಸಂದು ಉಗುರಿನಷ್ಟು. ಹುಲ್ಲು ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು ಇದ್ದರೆ ಹೊಡೆದವರ ಕೈ ಎಷ್ಟು ನೇರವಿದ್ದರೂ ಚೆಂಡು ಓರೆಯಾಗುತ್ತದೆ. ಈ ಊರಿನ ಆಟಗಾರರು ದೂರದ ದೇಶಗಳಿಗೆ ಹೋಗಿ ಗೆದ್ದು ಬಂದಿದ್ದಾರೆ. ಅವರ ಹೆಸರುಗಳೆಲ್ಲ ಕ್ಲಬ್ಬಿನ ಹಜಾರದ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿವೆ. ಇನ್ಸಾಫ್ ಹೆಸರು ಕ್ಲಬ್ಬಿನ ಸಿಬ್ಬಂದಿಯ ಪಟ್ಟಿಯಲ್ಲೂ ಇಲ್ಲ. ಮೂವತ್ತೆರಡು ವರ್ಷಗಳಿಂದ ಅವರು ‘ಹೊರಗಿನಿಂದ ಬರುವವರು’.

ಅವರ ತಂದೆ ಬಯ್ಯೂಮಿ ಸಾಣೆ ಹಿಡಿಯುವವರಾಗಿದ್ದರು. ಕಾಲಿನಿಂದ ತುಳಿಯುವ ಗಾಲಿಯ ಚೌಕಟ್ಟನ್ನು ಬೆನ್ನ ಮೇಲೆ ಹೊತ್ತು ಬೀದಿ ಬೀದಿ ಕೂಗುತ್ತಾ ಹೋಗುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಊರೇ ಖಾಲಿಯಾದಾಗ ಕುಟುಂಬ ಝಗಾಝೀಗ್ ಎಂಬ ಊರಿಗೆ ಹೋಗಿತ್ತು. ಮರಳಿ ಬಂದಾಗ ಇನ್ಸಾಫ್‌ಗೆ ಎಂಟು ವರ್ಷ. ನಾಲ್ಕು ಹೆಣ್ಣುಮಕ್ಕಳಲ್ಲಿ ಕೊನೆಯವರು. ಅಕ್ಕಂದಿರು ಅಡುಗೆಮನೆಗೆ ಹಂಚಿಹೋಗಿದ್ದರಿಂದ ಕಲ್ಲಿನ ಮೇಲೆ ನೀರು ಬಿಡುವ ಕೆಲಸ ಇವರಿಗೆ ಬಂತು. ಮಾಂಸದಂಗಡಿಯ ಮಚ್ಚು, ದರ್ಜಿಯ ಕತ್ತರಿ, ಮಾವಿನ ತೋಟದವರ ಕುಡುಗೋಲು, ಜೊತೆಗೆ ಈ ಕ್ಲಬ್ಬಿನ ಮಷಿನ್ನಿನ ಅಲಗುಗಳು.

“ನಮ್ಮಪ್ಪ ಜಾಸ್ತಿ ಮಾತಾಡ್ತಿರ್ಲಿಲ್ಲ. ಒಂದು ಮಾತು ಮಾತ್ರ ಹೇಳಿಕೊಟ್ರು. ಮೊಂಡಾದ ಅಂಚು ಬೆಳಕಲ್ಲಿ ಹೊಳೆಯುತ್ತೆ. ಹರಿತ ಆಗಿದ್ರೆ ಅಂಚು ಕಾಣೋದೇ ಇಲ್ಲ. ಹೊಳೀತಿದೆ ಅಂತ ಖುಷಿಪಡಬೇಡ, ಹೊಳೀತಿದ್ರೆ ಇನ್ನೂ ಕೆಲಸ ಇದೆ ಅಂತ ಲೆಕ್ಕ.”

ತಂದೆ ತೀರಿಕೊಂಡಾಗ ಅವರಿಗೆ ಇಪ್ಪತ್ತಾರು. ಮದುವೆಯಾಗಿತ್ತು, ಕೈಯಲ್ಲಿ ಕೂಸಿತ್ತು. ಕ್ಲಬ್ಬಿನವರು ಅಲಗುಗಳನ್ನು ಕೈರೋಗೆ ಕಳಿಸಿದರು. ವಾಪಸ್ ಬಂದ ಅಲಗುಗಳು ಕಾಗದ ಕತ್ತರಿಸುವುದಿರಲಿ, ಹುಲ್ಲನ್ನು ಹಲ್ಲಿನಿಂದ ಕಿತ್ತ ಹಾಗೆ ಕೀಳುತ್ತಿದ್ದವಂತೆ. ಸುದ್ದಿ ಕಿವಿಗೆ ಬಿದ್ದ ದಿನ ಇನ್ಸಾಫ್ ಅಪ್ಪನ ಸಾಣೆಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕ್ಲಬ್ಬಿನ ಗೇಟಿಗೆ ಬಂದು ನಿಂತರು. ಕಾವಲಿನವನು ಒಳಗೆ ಬಿಡಲಿಲ್ಲ.

“ಯಾರು ನೀನು ಅಂದ. ಬಯ್ಯೂಮಿ ಮಗಳು ಅಂದೆ. ಬಯ್ಯೂಮಿಗೆ ಗಂಡುಮಕ್ಕಳಿಲ್ವಾ ಅಂದ. ಇದ್ದಿದ್ರೆ ಈ ಬಿಸಿಲಲ್ಲಿ ನಾನ್ಯಾಕೆ ಬರ್ತಿದ್ದೆ, ಮನೇಲಿ ಹಾಯಾಗಿ ಮಲಗ್ತಿದ್ದೆ ಅಂದೆ. ನಗು ಬಂತು ಅವನಿಗೆ. ನಕ್ಕೋನು ಗೇಟು ತೆಗೀಲೇಬೇಕಲ್ಲ.”

ಮೊದಲಿಗೆ ಸಾಣೆ ಮಾತ್ರ. ಅಲಗನ್ನು ಬಿಚ್ಚಿ ಕೊಡುವುದು, ಮತ್ತೆ ಕೂರಿಸುವುದು ಬೇರೆಯವರ ಕೆಲಸವಾಗಿತ್ತು. ಕೂರಿಸುವವರು ಸರಿಯಾಗಿ ಕೂರಿಸದಿದ್ದರೆ ಹಿಡಿದ ಸಾಣೆ ದಂಡ ಎಂದು ಅವರೇ ಕೂರಿಸಲು ಶುರು ಮಾಡಿದರು. ಕೂರಿಸಿದ ಮೇಲೆ ಹುಲ್ಲು ಕತ್ತರಿಸುವ ಎತ್ತರ ನೋಡಬೇಕು, ಎತ್ತರ ಆದಮೇಲೆ ಕ್ಲಚ್ಚಿನ ಕೇಬಲ್ ಸಡಿಲವೋ ಬಿಗಿಯೋ ನೋಡಬೇಕು, ಎಣ್ಣೆ, ಗಾಳಿ ಸೋಸುವ ಸ್ಪಂಜು, ಚೈನು. ಹೀಗೆ ಒಂದರ ಹಿಂದೆ ಒಂದು ಇಡೀ ಮಷಿನ್ ಅವರ ಕೈಗೆ ಬಂತು. ಹ್ಯಾಂಡಲ್ಲಿನ ಎತ್ತರವನ್ನೂ ಅವರೇ ಹೊಂದಿಸುತ್ತಾರೆ. ಹಿಡಿಯುವವರನ್ನು ಎದುರಿಗೆ ನಿಲ್ಲಿಸಿ, ಹ್ಯಾಂಡಲ್ ಸೊಂಟದ ಮೂಳೆಗೆ ಬರುವಂತೆ ಬೋಲ್ಟು ಬಿಗಿಯುತ್ತಾರೆ. “ಕೆಳಗಾದ್ರೆ ಬಗ್ಗಿ ಒತ್ತುತಾರೆ, ಮೇಲಾದ್ರೆ ಜೋತು ಬೀಳ್ತಾರೆ. ಎರಡೂ ಹುಲ್ಲಿಗೆ ಗೊತ್ತಾಗುತ್ತೆ.”

ಈಗ ಅವರ ಕೈಯಲ್ಲಿ ಹನ್ನೊಂದು ಮಷಿನ್‌ಗಳಿವೆ. ಮೂರು ಇಲ್ಲಿಯವು. ಉಳಿದವು ಸರೋವರದ ದಂಡೆಯ ಎರಡು ಹೋಟೆಲು, ಒಂದು ಶಾಲೆ, ಒಂದು ಆಸ್ಪತ್ರೆಯ ತೋಟದವು. ವಾರಕ್ಕೊಮ್ಮೆ ಎಲ್ಲವನ್ನೂ ಮುಟ್ಟುತ್ತಾರೆ. ಒಂದೊಂದಕ್ಕೂ ಮೂವತ್ತು ಚೂರು ಕಾಗದ. ಬರೀ ಹೊಂದಿಸುವುದಾದರೆ ಮುಕ್ಕಾಲು ಗಂಟೆ, ಸಾಣೆಯೂ ಇದ್ದರೆ ಎರಡು ಗಂಟೆ ದಾಟುತ್ತದೆ. ಕ್ರೋಕೆ ಅಂಗಳದ ಹುಲ್ಲು ನಮ್ಮ ಗರಿಕೆಯ ಜಾತಿಯದು. ಚಳಿಗಾಲದಲ್ಲಿ ಏಳು ಮಿಲಿಮೀಟರ್ ಬಿಡುತ್ತಾರೆ, ಬೇಸಿಗೆಯಲ್ಲಿ ಐದು, ದೊಡ್ಡ ಪಂದ್ಯವಿದ್ದರೆ ನಾಲ್ಕೂವರೆ. ಅಶ್ರಿ ಎರಡೂ ಅಂಗಳ ಮುಗಿಸಲು ಮಷಿನ್ನಿನ ಹಿಂದೆ ದಿನಾ ಮೂರೂವರೆ ಕಿಲೋಮೀಟರ್ ನಡೆಯುತ್ತಾರೆ. ಮರುಭೂಮಿಯ ಗಾಳಿ ಎದ್ದ ವಾರ ಅಂಗಳದ ಮೇಲೆಲ್ಲ ಮರಳು ಕೂರುತ್ತದೆ. ಆಗ ಹತ್ತು ದಿನ ಬಾಳಬೇಕಾದ ಅಂಚು ಮೂರೇ ದಿನಕ್ಕೆ ಮೊಂಡು.

ಹೀಗಿದ್ದ ಇನ್ಸಾಫ್ ಎರಡು ವರ್ಷದ ಹಿಂದೆ ನಾಲ್ಕು ತಿಂಗಳು ಈ ಶೆಡ್ಡಿನೊಳಗೆ ಕಾಲಿಡಲಿಲ್ಲ. ಊರಿನವರು ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ಅವರನ್ನೇ ಕೇಳಿದೆ. ಸ್ಪ್ಯಾನರನ್ನು ಚಿಂದಿಯಲ್ಲಿ ಒರೆಸುತ್ತಾ ಹೇಳಿದರು, ಏನನ್ನೂ ಬಿಡಲಿಲ್ಲ.

ಆ ವರ್ಷ ಕ್ಲಬ್ಬು ಹೊಸ ಮಷಿನ್ ತರಿಸಿತ್ತು. ಮರದ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ಜೋಡಿಸುವ ಹೊಣೆಯನ್ನು ಕ್ಲಬ್ಬಿನ ನಿರ್ವಹಣೆಗೆ ಹೊಸದಾಗಿ ಬಂದಿದ್ದ ಇಂಜಿನಿಯರ್ ನಶಾತ್ ಅವರಿಗೆ ವಹಿಸಲಾಯಿತು. ಮೂವತ್ತೈದರ ಆಸುಪಾಸಿನ, ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ. ಜೊತೆಗೆ ಬಂದ ಪುಸ್ತಕವನ್ನು ತೆರೆದಿಟ್ಟುಕೊಂಡು ಹ್ಯಾಂಡಲ್ ಕೂರಿಸಿದರು, ಕೇಬಲ್ ಎಳೆದರು, ಕತ್ತರಿಸುವ ಎತ್ತರವನ್ನು ಸರಿಯಾಗಿ ಐದು ಮಿಲಿಮೀಟರಿಗೆ ಇಟ್ಟರು. ಯಾರೂ ಅದನ್ನು ಕದಲಿಸಬಾರದೆಂದು ಎತ್ತರದ ಎರಡೂ ನಟ್ಟುಗಳ ಮೇಲೆ ಕೆಂಪು ಬಣ್ಣ ಬಳಿದರು. ಇನ್ಸಾಫ್ ಪಕ್ಕದಲ್ಲೇ ನಿಂತಿದ್ದರು.

“ಸಾಹೇಬ್ರೇ, ಬಣ್ಣ ಯಾಕೆ ಅಂದೆ. ‘ಇನ್ನು ಮೇಲೆ ಎತ್ತರ ನನ್ನ ಜವಾಬ್ದಾರಿ, ನೀವು ಸಾಣೆ ಮಾತ್ರ ನೋಡ್ಕೊಳ್ಳಿ, ಇದು ಅಡುಗೆಮನೆ ಚಾಕು ಅಲ್ಲ’ ಅಂದ್ರು. ಅಲ್ಲಿದ್ದೋರೆಲ್ಲ ನಕ್ಕರು. ಅಶ್ರಿನೂ ನಕ್ಕ.”

“ನಾನು ನಗ್ಲಿಲ್ಲ ಉಸ್ತಾ, ಕೆಮ್ಮಿದೆ” ಎಂದು ಅಶ್ರಿ ಬಾಗಿಲಿನಿಂದಲೇ ಹೇಳುತ್ತಾರೆ.

“ಹಲ್ಲು ಬಿಟ್ಕೊಂಡು ಕೆಮ್ಮೋನು ನೀನೊಬ್ನೇ.”

ಒಂದು ತಿಂಗಳು ಕಳೆಯಿತು. ಮರಳಿನ ಗಾಳಿ ಎದ್ದು ಹೊಸ ಅಲಗುಗಳೂ ಮೊಂಡಾದವು. ಬಕ್ರೀದ್ ಮುಗಿದ ವಾರ; ಪ್ರಾಂತ್ಯದ ಪಂದ್ಯಗಳಿಗೆ ಒಂಬತ್ತು ದಿನ ಉಳಿದಿತ್ತು. ಇನ್ಸಾಫ್ ಕೆಳಗಿನ ಅಲಗನ್ನು ಬಿಚ್ಚಿ ಸಾಣೆ ಹಿಡಿದು ಮತ್ತೆ ಕೂರಿಸಿದರು. ಅಲಗು ಬಿಚ್ಚಿ ಕೂರಿಸಿದ ಮೇಲೆ ಎತ್ತರ ಹಿಂದಿನಂತೆಯೇ ಇರುತ್ತದೆ ಎನ್ನುವಂತಿಲ್ಲ. ಒಂದು ತುದಿ ಕೂದಲೆಳೆಯಷ್ಟು ತಗ್ಗಿ ಕೂರಬಹುದು, ಅದಕ್ಕಿಂತ ಹೆಚ್ಚೂ ತಗ್ಗಬಹುದು. ಮತ್ತೆ ಅಳೆಯಲೇಬೇಕು. ಇದು ಅವರಿಗೆ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ.

“ಅಳತೆಪಟ್ಟಿ ಕೈಗೆ ತಗೊಂಡೆ. ಆ ಕೆಂಪು ಬಣ್ಣ ಕಾಣಿಸ್ತು. ವಾಪಸ್ ಇಟ್ಟೆ.”

ಸ್ಪ್ಯಾನರನ್ನು ತಿರುಗಿಸಿ ಇನ್ನೊಂದು ಬದಿ ಒರೆಸುತ್ತಾರೆ. “ಅವರ ಎತ್ತರ, ಅವರೇ ನೋಡ್ಕೊಳ್ಳಲಿ ಅಂತ. ಕೋಪ. ಬೇರೆ ಏನೂ ಅಲ್ಲ. ಮರೆತೆ ಅಂತ ಹೇಳಿದ್ರೆ ನೀವು ನಂಬ್ತೀರಿ, ಆದ್ರೆ ಮರೆತಿರ್ಲಿಲ್ಲ.”

ಮರುದಿನ ಬೆಳಿಗ್ಗೆ ಅಶ್ರಿ ಎಂದಿನಂತೆ ಮೊದಲ ಅಂಗಳಕ್ಕೆ ಮಷಿನ್ ಇಳಿಸಿದರು. “ಸೂರ್ಯ ನೆಟ್ಟಗೆ ಕಣ್ಣಿಗೆ ಹೊಡೀತಿತ್ತು. ಮಷಿನ್ ಸದ್ದು ಸ್ವಲ್ಪ ಗಡಸಾಗಿದೆ ಅನ್ನಿಸ್ತು, ಹೊಸ ಸಾಣೆ ಅಲ್ವಾ ಅಂದ್ಕೊಂಡೆ. ಮೂರು ಸಾಲು ಮುಗಿಸಿ ತಿರುಗಿ ನೋಡ್ತೀನಿ, ನೆಲ ಕಾಣ್ತಿದೆ. ನನ್ನ ಕೈ ಹ್ಯಾಂಡಲ್ ಬಿಟ್ಟುಬಿಡ್ತು” ಎಂದು ಅಶ್ರಿ ಹೇಳುತ್ತಾರೆ. ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಮೂರು ಪಟ್ಟೆ ಹುಲ್ಲು ಬುಡದವರೆಗೆ ಬೋಳಾಗಿತ್ತು. ಹಸಿರಿನ ನಡುವೆ ಮಣ್ಣಿನ ಬಣ್ಣ.

ಕ್ಲಬ್ಬಿನಲ್ಲಿ ಗದ್ದಲವೆದ್ದಿತು. ಎತ್ತರದ ನಟ್ಟುಗಳ ಮೇಲೆ ಕೆಂಪು ಬಣ್ಣ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆದ್ದರಿಂದ ತಪ್ಪು ನಡೆಸಿದವನದೇ ಎಂದಾಯಿತು. ನಿದ್ದೆಗಣ್ಣಿನಲ್ಲಿ ಬಂದು ಮಷಿನ್ನಿನ ಮೇಲೆ ಭಾರ ಬಿಟ್ಟಿದ್ದಾನೆ ಎಂದರು. ಹತ್ತೊಂಬತ್ತು ವರ್ಷ ದುಡಿದ ಅಶ್ರಿಯನ್ನು ಮನೆಗೆ ಕಳಿಸಿದರು. ಗುರುವಾರದ ಸಮಿತಿಯ ಸಭೆಯಲ್ಲಿ ತೀರ್ಮಾನ, ಅಲ್ಲಿಯವರೆಗೆ ಬರಬೇಡ ಎಂದರು.

ಇನ್ಸಾಫ್ ಆ ಮಧ್ಯಾಹ್ನ ಅಂಗಳಕ್ಕೆ ಹೋಗಿ ಪಟ್ಟೆಗಳ ಪಕ್ಕ ಕೂತರು. ಪ್ರತಿ ಪಟ್ಟೆಯಲ್ಲೂ ಒಂದು ಅಂಚು ಬೋಳು, ಇನ್ನೊಂದು ಅಂಚಿಗೆ ಬರುಬರುತ್ತ ಹುಲ್ಲು ಉಳಿದಿತ್ತು. ಭಾರ ಬಿಟ್ಟಿದ್ದರೆ ಹೀಗಾಗುವುದಿಲ್ಲ. ಕೆಳಗಿನ ಅಲಗಿನ ಎಡತುದಿ ಎರಡು ಮಿಲಿಮೀಟರ್ ತಗ್ಗಿ ಕೂತಿದೆ ಎಂದು ಅವರಿಗೆ ನೋಡಿದ ತಕ್ಷಣ ತಿಳಿಯಿತು. ಎದ್ದು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರ ಸರಿಮಾಡಿಕೊಂಡು ಮನೆಗೆ ಹೋದರು. ಯಾರಿಗೂ ಏನೂ ಹೇಳಲಿಲ್ಲ. ಎರಡು ದಿನ ಹೇಳಲಿಲ್ಲ.

ಅವರ ಗಂಡ ಫಿಕ್ರಿ ಹಡಗುಗಳು ಹಾಯುವ ಕಾಲುವೆಯ ದೋಣಿಯಲ್ಲಿ ದುಡಿದು ನಿವೃತ್ತರಾದವರು. ಮಾತಿನ ಮನುಷ್ಯ. ಅರಾಯ್ಶಿಯಾ ಬಡಾವಣೆಯ ಅವರ ಮನೆಯ ಮೆಟ್ಟಿಲ ಮೇಲೆ ಕೂತು ಮುಂದಿನ ಕತೆಯನ್ನು ಅವರೇ ಹೇಳಿದರು.

“ಇವಳು ಮುಲೂಖಿಯ್ಯಾ ಸೊಪ್ಪಿನ ಸಾರು ಮುಂದಿಟ್ಕೊಂಡು ನೋಡ್ತಾ ಕೂತಿದ್ಲು. ಮೊಲದ ಮಾಂಸ ಹಾಕಿತ್ತು ಸ್ವಾಮಿ, ಮೊಲದ್ದು! ಏನಮ್ಮಾ, ಮೊಲ ಏನಾದ್ರೂ ಪರಿಚಯದ್ದಾ ಅಂದೆ. ನಗಲಿಲ್ಲ. ಆಗ ಗೊತ್ತಾಯ್ತು ವಿಷಯ ದೊಡ್ಡದು ಅಂತ. ಆಮೇಲೆ ಎಲ್ಲಾ ಹೇಳಿದ್ಲು. ಅಳತೆಪಟ್ಟಿ ತಗೊಂಡಿದ್ದು, ವಾಪಸ್ ಇಟ್ಟಿದ್ದು, ಎಲ್ಲಾ.”

“ನೀವೇನಂದ್ರಿ?”

“ಇದನ್ನ ನನ್ನ ಮುಂದೆ ಯಾಕೆ ಹೇಳ್ತಿದೀಯ ಅಂದೆ. ಕೆಲಸ ಕಳ್ಕೊಂಡಿರೋನು ನಾನಾ? ಅಶ್ರಿ ಮನೆ ಇಲ್ಲಿಂದ ನಾಲ್ಕು ಬೀದಿ. ಚಪ್ಪಲಿ ಬಾಗಿಲ ಹತ್ರಾನೇ ಇದೆ ಅಂದೆ.”

ಇನ್ಸಾಫ್ ಆಗಲೇ ಹೋದರು. ಬಾಗಿಲು ತೆಗೆದವರು ಅಶ್ರಿಯ ಹೆಂಡತಿ. ಒಳಗೆ ಕರೆದು ಚಹಾ ಕೊಟ್ಟರು. ಆ ಚಹಾ ಕುಡಿಯುವ ಮೊದಲೇ ಹೇಳಿಬಿಡಬೇಕೆಂದು ಇನ್ಸಾಫ್ ಗ್ಲಾಸನ್ನು ಕೆಳಗಿಟ್ಟು ಹೇಳಿದರು. ಆಗ ಅಶ್ರಿ ಕೇಳಿದರಂತೆ.

“ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

“ಮಂಗಳವಾರಾನೇ ಗೊತ್ತಿತ್ತಾ?”

“ಮಂಗಳವಾರ ಮಧ್ಯಾಹ್ನ.”

“ಇವತ್ತು ಬುಧವಾರ ದಾಟ್ತಾ ಇದೆ ಉಸ್ತಾ. ಎರಡು ದಿನ ನಾನು ನನ್ನ ಕೈಯನ್ನೇ ನೋಡ್ಕೊಂಡು ಕೂತಿದೀನಿ. ನಿಜವಾಗ್ಲೂ ಭಾರ ಬಿಟ್ನಾ, ನಿದ್ದೆ ಮಾಡಿದ್ನಾ ಅಂತ. ನಮ್ಮ ಮಗಳ ಮುಂದೆ ತಲೆ ಎತ್ತಿಲ್ಲ.”

ಇದನ್ನು ಹೇಳುವಾಗ ಇನ್ಸಾಫ್ ಅವರ ದನಿ ಬದಲಾಗುವುದಿಲ್ಲ, ಸ್ಪ್ಯಾನರ್ ಒರೆಸುವ ಕೈ ಮಾತ್ರ ನಿಲ್ಲುತ್ತದೆ. “ಬೈದಿದ್ರೆ ಚೆನ್ನಾಗಿತ್ತು. ಅವನು ಬೈಲಿಲ್ಲ. ಬಾಗಿಲವರೆಗೂ ಬಂದು ಕಳಿಸಿಕೊಟ್ಟ. ಅದೇ ಜಾಸ್ತಿ ಉರೀತು.”

ಗುರುವಾರ ಸಭೆಗೆ ಕರೆಯದೆಯೇ ಹೋದರು. ಹಜಾರದಲ್ಲಿ ಮೇಜಿನ ಸುತ್ತ ಸಮಿತಿಯ ಏಳು ಜನ. ಕೂರಿ ಎಂದು ಯಾರೂ ಹೇಳದಿದ್ದರಿಂದ ನಿಂತೇ ಹೇಳಿದರು: ಅಲಗು ಕೂರಿಸಿದವಳು ನಾನು, ಅಳೆಯದೆ ಬಿಟ್ಟವಳು ನಾನು, ಅಶ್ರಿಯ ಕೈಯದೇನೂ ತಪ್ಪಿಲ್ಲ. ಎತ್ತರದ ಹೊಣೆ ನಿಮ್ಮದಲ್ಲವಲ್ಲ ಎಂದು ಒಬ್ಬರು ಕೇಳಿದಾಗ, “ಹೊಣೆ ನನ್ನದಲ್ಲ, ಗೊತ್ತಿದ್ದಿದ್ದು ನನಗೆ” ಎಂದರಂತೆ. ಅಶ್ರಿ ಶನಿವಾರ ಕೆಲಸಕ್ಕೆ ಮರಳಿದರು. ಇನ್ಸಾಫ್‌ಗೆ ಇನ್ನು ಬರಬೇಕಾಗಿಲ್ಲ ಎಂದು ತಿಳಿಸಲಾಯಿತು. ಪಂದ್ಯಗಳು ಎರಡನೆಯ ಅಂಗಳದಲ್ಲಿ ನಡೆದವು. ಬೋಳು ಪಟ್ಟೆಗಳಲ್ಲಿ ಹುಲ್ಲು ಪೂರ್ತಿ ಕೂಡಿಕೊಳ್ಳಲು ಐದು ವಾರ ಹಿಡಿಯಿತು.

ಆ ನಾಲ್ಕು ತಿಂಗಳು ಅವರು ಆಸ್ಪತ್ರೆ, ಶಾಲೆ, ಹೋಟೆಲುಗಳ ಕೆಲಸ ಮಾಡಿಕೊಂಡಿದ್ದರು. ಕ್ಲಬ್ಬಿನ ಗೋಡೆಯ ಪಕ್ಕದ ಹಾದಿ ಬಿಟ್ಟು ಮಾರುಕಟ್ಟೆಯ ಕಡೆಯಿಂದ ಸುತ್ತಿ ಹೋಗುತ್ತಿದ್ದರು ಎಂದು ಫಿಕ್ರಿ ಹೇಳುತ್ತಾರೆ. “ಯಾಕೆ ಸುತ್ತು ಅಂದ್ರೆ ಟೊಮೇಟೊ ತಗೋಬೇಕು ಅನ್ನೋಳು. ಮನೇಲಿ ಟೊಮೇಟೊ ತಿಂದು ತಿಂದು ನನಗೆ ಹುಳಿತೇಗು ಶುರುವಾಯ್ತು.”

ಅಕ್ಟೋಬರಿನ ಒಂದು ಬೆಳಿಗ್ಗೆ ಅವರ ಮನೆಯ ಮುಂದೆ ಟ್ಯಾಕ್ಸಿ ನಿಂತಿತು. ಇಳಿದವರು ಮದಾಮ್ ಇಗ್ಲಾಲ್. ಎಪ್ಪತ್ತರ ಹತ್ತಿರದ ಈ ಹಿರಿಯ ಆಟಗಾರ್ತಿಯ ಹೆಸರು ಕ್ಲಬ್ಬಿನ ಹಲಗೆಯ ಮೇಲೆ ಆರು ಸಲ ಇದೆ. ಮೆಟ್ಟಿಲು ಹತ್ತಿ ಉಸಿರು ಬಿಡುತ್ತಾ ಕೈಚೀಲದಿಂದ ಕರವಸ್ತ್ರ ತೆಗೆದು ಬಿಚ್ಚಿದರು. ಒಳಗೆ ಒಂದು ಹಿಡಿ ಹುಲ್ಲಿನ ತುದಿಗಳು.

“ನೋಡು ಇದನ್ನ.”

ಇನ್ಸಾಫ್ ಕಿಟಕಿಯ ಬಳಿ ಹಿಡಿದು ನೋಡಿದರು. ತುದಿಗಳು ಚಿಂದಿಯಾಗಿದ್ದವು, ಒಣಗಿ ಬೆಳ್ಳಗಾಗಿದ್ದವು. ಕತ್ತರಿಸಿದ್ದಲ್ಲ, ಎಳೆದು ಹರಿದದ್ದು.

“ಉರುಳೆಗೂ ಕೆಳಗಿನ ಅಲಗಿಗೂ ಸಂದು ಬಿದ್ದಿದೆ ಮದಾಮ್. ಯಾರು ಸಾಣೆ ಹಿಡೀತಿದಾರೆ?”

“ಯಾರಿಗೆ ಗೊತ್ತು. ಅಂಗಳ ಪೂರ್ತಿ ನರೆತ ತಲೆ ಥರ ಆಗಿದೆ, ನನ್ನ ತಲೆಗಿಂತ ಕಡೆ. ಚೆಂಡು ಕುಡಿದೋರ ಹಾಗೆ ಓಡುತ್ತೆ. ಏಳು, ಟ್ಯಾಕ್ಸಿ ಕಾಯ್ತಿದೆ.”

“ಸಮಿತಿಯೋರು ಕರೆದಿಲ್ಲ.”

“ಸಮಿತಿಯೋರ ಹತ್ರ ಮಾತಾಡೇ ಬಂದಿದೀನಿ. ಆ ಏಳು ಜನಾನೂ ನಾನು ಆಟದಲ್ಲಿ ಸೋಲಿಸಿದೀನಿ, ನನ್ನ ಎದುರು ಮಾತು ಬರಲ್ಲ ಅವರಿಗೆ. ಏಳೇ.”

ಇನ್ಸಾಫ್ ಏಳಲಿಲ್ಲ. ಮೊದಲು ಒಂದು ಶರತ್ತು ಹೇಳಿದರು. ಮಷಿನ್ನಿನ ಎತ್ತರಕ್ಕೆ ಇನ್ನು ಯಾರೂ ಬಣ್ಣ ಬಳಿಯಬಾರದು, ಇಂಜಿನಿಯರೂ ಅಲ್ಲ, ತಾನೂ ಅಲ್ಲ. ಹೊಂದಿಸಿದವರು ಒಮ್ಮೆ ಅಳೆಯಬೇಕು. ಆಮೇಲೆ ಅಳತೆಪಟ್ಟಿಯನ್ನು ಮಷಿನ್ ನಡೆಸುವವರ ಕೈಗೆ ಕೊಡಬೇಕು, ಅವರೂ ಅಳೆಯಬೇಕು. ಇಬ್ಬರೂ ಸರಿ ಎನ್ನದೆ ಮಷಿನ್ ಶೆಡ್ಡಿನಿಂದ ಹೊರಗೆ ಹೋಗಬಾರದು. “ಹೋದ ಸಲ ಅಶ್ರಿ ಒಂದು ಸಲ ಅಳೆದಿದ್ರೆ ಸಾಕಿತ್ತು. ಅಳೆಯೋದು ಅವನಿಗೆ ಯಾರೂ ಹೇಳ್ಕೊಟ್ಟಿರಲಿಲ್ಲ. ಮೂವತ್ತು ವರ್ಷ ನಾನೂ ಹೇಳ್ಕೊಟ್ಟಿರಲಿಲ್ಲ. ಗುಟ್ಟು ಮಾಡ್ಕೊಂಡು ಕೂತಿದ್ದೆ” ಎಂದು ಈಗ ಹೇಳುತ್ತಾರೆ.

ಮದಾಮ್ ಇಗ್ಲಾಲ್ ಟ್ಯಾಕ್ಸಿಯಿಂದಲೇ ಫೋನ್ ಮಾಡಿ ಒಪ್ಪಿಸಿದರು. ಆ ದಿನ ಶೆಡ್ಡಿನ ಬಾಗಿಲಲ್ಲಿ ಇಂಜಿನಿಯರ್ ನಶಾತ್ ಅವರೇ ನಿಂತಿದ್ದರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಟ್ಟಿನ ಮೇಲಿನ ಕೆಂಪು ಬಣ್ಣ ಉಜ್ಜುತ್ತಿದ್ದರು. ನಶಾತ್ ಈಗಲೂ ಅಲ್ಲೇ ಇದ್ದಾರೆ. ಕೇಳಿದರೆ ಮುಜುಗರಪಟ್ಟುಕೊಂಡೇ ಉತ್ತರಿಸುತ್ತಾರೆ. “ಅಲಗು ಬಿಚ್ಚಿದಾಗೆಲ್ಲ ಎತ್ತರ ಮತ್ತೆ ಅಳೆಯಿರಿ ಅಂತ ಪುಸ್ತಕದ ಮುಂದಿನ ಪುಟದಲ್ಲೇ ಇತ್ತು. ಆ ಪುಸ್ತಕ ನನ್ನ ಡ್ರಾಯರಿನಲ್ಲಿತ್ತು. ಅವರು ತಪ್ಪು ಒಪ್ಪಿಕೊಂಡ ದಿನ ನಾನೂ ಆ ಮೇಜಿನ ಹತ್ತಿರ ಕೂತಿದ್ದೆ. ನನಗೆ ಬಾಯಿ ಬರಲಿಲ್ಲ.”

ಶೆಡ್ಡಿನಲ್ಲಿ ಈಗ ಆರೂಕಾಲು ಗಂಟೆ. ಇನ್ಸಾಫ್ ಹ್ಯಾಂಡಲ್ ತಗ್ಗಿಸಿ ಮಷಿನ್ನಿನ ಮೂತಿ ಮೇಲೆತ್ತಿ ನಿಲ್ಲಿಸಿದ್ದಾರೆ. ಅಳತೆಪಟ್ಟಿಯನ್ನು ಮುಂದಿನ ಸಣ್ಣ ರೋಲರಿಗೂ ಹಿಂದಿನ ದಪ್ಪ ರೋಲರಿಗೂ ತಾಗಿಸಿ, ನಡುವಿನ ಸ್ಕ್ರೂ ತಲೆ ಕೆಳಗಿನ ಅಲಗಿನ ತುಟಿಗೆ ಸಿಕ್ಕುತ್ತದೆಯೇ ಎಂದು ನೋಡುತ್ತಾರೆ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ. ಬಲದ ನಟ್ಟನ್ನು ಒಂಚೂರು ತಿರುಗಿಸಿ ಮತ್ತೊಮ್ಮೆ. ಆಮೇಲೆ ಪಟ್ಟಿಯನ್ನು ಅಶ್ರಿಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ. ಅಶ್ರಿ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ನಾಲಿಗೆ ತುದಿ ಹೊರಗಿಟ್ಟುಕೊಂಡು ಅಳೆಯುತ್ತಾರೆ. ತಮಾಷೆಯ ಮನುಷ್ಯ ಈ ಒಂದು ನಿಮಿಷ ಮಾತ್ರ ತಮಾಷೆ ಮಾಡುವುದಿಲ್ಲ.

“ಸರಿ ಇದೆ.”

“ಎರಡೂ ಕಡೆ?”

“ಎರಡೂ ಕಡೆ.”

ಪ್ಲಗ್ಗಿನ ಟೋಪಿ ಮತ್ತೆ ಕೂರುತ್ತದೆ. ಅಶ್ರಿ ಹಗ್ಗ ಎಳೆಯುತ್ತಾರೆ, ಎರಡನೆಯ ಎಳೆತಕ್ಕೆ ಇಂಜಿನ್ ಹಿಡಿಯುತ್ತದೆ. ಮಷಿನ್ ಅಂಗಳಕ್ಕೆ ಇಳಿದು ಮೊದಲ ಸಾಲಿನಲ್ಲಿ ದೂರ ಹೋಗುತ್ತದೆ. ಹಿಂದೆ ಬಿದ್ದ ಪಟ್ಟೆ ತಿಳಿಹಸಿರು. ಆ ಸಾಲು ಮುಗಿದು ಅಶ್ರಿ ತಿರುಗಿ ನಿಂತು ಕೈ ಎತ್ತುವವರೆಗೂ ಇನ್ಸಾಫ್ ಕಾಯುತ್ತಾರೆ. ಆಮೇಲೆ ತಣ್ಣಗಾದ ಚಹಾ ಕುಡಿಯುತ್ತಾರೆ. ಒಂಬತ್ತ‌ರೊಳಗೆ ಆಸ್ಪತ್ರೆಯ ತೋಟಕ್ಕೆ ಹೋಗಬೇಕು.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಸಿಬ್ಬಂದಿ ಪಟ್ಟಿಯಲ್ಲಿ ಹೆಸರು, ಒಂದು ಸನ್ಮಾನ, ಹೊಸ ಸಾಣೆ ಯಂತ್ರ, ಇಂಥದ್ದೇನಾದರೂ ಹೇಳಬಹುದೆಂದುಕೊಂಡಿದ್ದೆ. ಅವರು ಉಪಕರಣಗಳನ್ನು ಚೀಲಕ್ಕೆ ತುಂಬುತ್ತಲೇ ಹೇಳಿದರು.

“ಕಣ್ಣು ಮೊದಲಿನ ಹಾಗಿಲ್ಲ. ಕೈ ಇನ್ನೂ ಸರಿಯಾಗೇ ಹೇಳುತ್ತೆ, ಆದ್ರೆ ಕೈನೂ ಒಂದು ದಿನ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಅವತ್ತು ಯಾರಾದ್ರೂ ಒಬ್ರು ‘ಉಸ್ತಾ, ಇದು ತಪ್ಪಿದೆ’ ಅಂತ ನನ್ನ ಮುಖಕ್ಕೇ ಹೇಳ್ಬೇಕು. ನಾನು ಬೈತೀನಿ, ಅದು ಬೇರೆ ಮಾತು. ಬೈದ್ರೂ ಹೇಳ್ಬೇಕು. ಅಷ್ಟಾದ್ರೆ ಸಾಕು ನನಗೆ.”